ಮಗಳಿಗೊಂದು ಪತ್ರ: ಸ್ಕೇಲ್ ಹಿಡಿಯುವ ಮೊದಲು ಗೈಡ್ ಪಕ್ಕ ಕೂರು

ಪ್ರೀತಿಯ ಪುಟ್ಟೀ,

ನಿನ್ನ ಪಿಜಿ ಥೀಸಿಸ್‌ಗೆ ಸಿನಾಪ್ಸಿಸ್, ಅಂದರೆ ಅಧ್ಯಯನದ ಯೋಜನೆ, ಬರೆದು ಕಳಿಸಿದ್ದೀಯಲ್ಲ, ಆ ಕರಡು ಎರಡು ಸಲ ಓದಿದೆ. ವಿಷಯ ಒಳ್ಳೆಯದು. ಕುಡಿತ ಬಿಡಿಸಲು ವಾರ್ಡಿಗೆ ಸೇರಿದವರಲ್ಲಿ ಎಷ್ಟು ಜನರಿಗೆ ಖಿನ್ನತೆ ಇದೆ ಎಂಬುದು ಕೇಳಲೇಬೇಕಾದ ಪ್ರಶ್ನೆ. ಆದರೆ ‘ದಾಖಲಾದ 48 ಗಂಟೆಯೊಳಗೆ ಹ್ಯಾಮಿಲ್ಟನ್ ಸ್ಕೇಲ್’ ಎಂದು ಬರೆದಿದ್ದೀಯಲ್ಲ, ಖಿನ್ನತೆಗೆ ಅಂಕ ಹಾಕುವ ಆ ಪಟ್ಟಿಯನ್ನು ಅಷ್ಟು ಬೇಗ ಹಿಡಿದರೆ ಅಲ್ಲೇ ಇಡೀ ಥೀಸಿಸ್ ಕೈತಪ್ಪುತ್ತದೆ.

ಕುಡಿತ ನಿಂತ ಎರಡನೇ ದಿನ ಆ ಮನುಷ್ಯ ಹೇಗಿರುತ್ತಾನೆ ನೋಡು. ಕೈ ನಡುಕ, ಬೆವರು, ಎದೆಬಡಿತ. ರಾತ್ರಿಯಿಡೀ ಕಣ್ಣು ಮುಚ್ಚಿಲ್ಲ, ಊಟ ಸೇರುತ್ತಿಲ್ಲ. ಕುಡಿತ ನಿಲ್ಲಿಸಿದಾಗ ಮೈ ಪಡುವ ಈ ಪಾಡು, ಅಂದರೆ ವಿತ್‌ಡ್ರಾಯಲ್, ಜೋರಾಗುವುದೇ 24ರಿಂದ 72 ಗಂಟೆಯ ನಡುವೆ. ಹ್ಯಾಮಿಲ್ಟನ್‌ನ 17 ಅಂಶಗಳಲ್ಲಿ ಮೂರು ನಿದ್ದೆಯ ಮೇಲೇ ಇವೆ: ನಿದ್ದೆ ಹತ್ತದಿರುವುದು, ನಡುರಾತ್ರಿ ಎಚ್ಚರ, ಬೆಳಗಿನ ಜಾವದ ಎಚ್ಚರ. ಒಂದೊಂದಕ್ಕೆ 2ರಂತೆ ಅಲ್ಲೇ 6 ಅಂಕ. ಅದಕ್ಕೆ ಚಡಪಡಿಕೆ, ಆತಂಕ, ಹಸಿವಿನ ಅಂಕ ಕೂಡಿಸಿದರೆ, 7ರವರೆಗೆ ಸಹಜ ಎನ್ನುವ ಗೆರೆಯನ್ನು ಖಿನ್ನತೆಯೇ ಇಲ್ಲದವನೂ ಸಲೀಸಾಗಿ ದಾಟುತ್ತಾನೆ. ಆಗ ನೀನು ಅಳೆದದ್ದು ವಿತ್‌ಡ್ರಾಯಲ್ಲನ್ನು, ಹೆಸರಿಟ್ಟದ್ದು ಖಿನ್ನತೆ ಅಂತ. ಮೂರ್ನಾಲ್ಕು ವಾರ ಕುಡಿಯದೇ ಇದ್ದ ಮೇಲೂ ಉಳಿದಿರುವ ಬೇಸರವೇ ನಿನ್ನ ಪ್ರಶ್ನೆಗೆ ಉತ್ತರ. ಮೊದಲ ದಿನಗಳಲ್ಲಿ ವಿತ್‌ಡ್ರಾಯಲ್ ಅಳೆಯುವ ಸೀವಾ (CIWA) ಸ್ಕೇಲ್ ಮಾತ್ರ ಹಾಕು. ಹ್ಯಾಮಿಲ್ಟನ್ ನಾಲ್ಕನೇ ವಾರದ ಫಾಲೋಅಪ್‌ಗೆ ಇರಲಿ.

ಒಪ್ಪಿಗೆ ಪತ್ರಕ್ಕೂ ಇದೇ ಮಾತು. ಎಲ್ಲಿದ್ದೇನೆ, ಇವತ್ತು ಯಾವ ವಾರ ಎಂದೇ ತಿಳಿಯದವನ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 99ನೇ ಕಲಂ ಬರೀ ಸಂದರ್ಶನ ಮಾಡುವ ಸಂಶೋಧನೆಗೂ ತಿಳಿದು ಕೊಟ್ಟ, ಒತ್ತಾಯವಿಲ್ಲದ ಒಪ್ಪಿಗೆ ಬೇಕೇ ಬೇಕು ಎನ್ನುತ್ತದೆ. ನಡುಕ ಇಳಿದು ಮನಸ್ಸು ತಿಳಿಯಾದ ಮೇಲೆ ಕೇಳು. ‘ಈಗ ನಾನು ಹೇಳಿದ್ದು ಏನು, ನಿಮ್ಮ ಮಾತಲ್ಲಿ ಹೇಳಿ ನೋಡೋಣ’ ಎಂದು ತಿರುಗಿ ಹೇಳಿಸು. ಬೇಡ ಅಂದರೂ ಚಿಕಿತ್ಸೆಯಲ್ಲಿ ಏನೂ ಕಡಿಮೆಯಾಗದು ಎಂಬ ಸಾಲನ್ನು ನೀನೇ ಬಾಯಿಬಿಟ್ಟು ಹೇಳು. ಬಿಳಿ ಕೋಟು ಹಾಕಿದವರಿಗೆ ಇಲ್ಲ ಎನ್ನುವುದು ನಮ್ಮ ಜನಕ್ಕೆ ಬಹಳ ಕಷ್ಟ.

ಈಗ ಲೆಕ್ಕ. ಎಷ್ಟು ರೋಗಿಗಳು ಬೇಕು ಎಂದು ಸ್ಟಾಟಿಸ್ಟಿಶಿಯನ್ ಹತ್ತಿರ ಹೋಗುವ ಮೊದಲು ವಾರ್ಡಿನ ಅಡ್ಮಿಷನ್ ರಿಜಿಸ್ಟರ್ ತೆಗೆದು ಮೂರು ತಿಂಗಳ ಹೆಸರು ಎಣಿಸು. ತಿಂಗಳಿಗೆ 12 ಜನ ಸಿಕ್ಕರು ಎಂದುಕೊ. ನಿನ್ನ ನಿಯಮಕ್ಕೆ ಹೊಂದದವರು, ಒಲ್ಲೆ ಅನ್ನುವವರು ಹೋಗಿ 6 ಉಳಿದಾರು. ಖಿನ್ನತೆ 30 ಶೇಕಡಾ ಇರಬಹುದೆಂದು ಹಿಡಿದು, ಉತ್ತರ 10 ಶೇಕಡಾ ಅಂಶ ಆಚೀಚೆ, ಅಂದರೆ 20ರಿಂದ 40ರೊಳಗೆ, ಇದ್ದರೆ ಸಾಕು ಎಂದರೆ 81 ಜನ ಬೇಕು. ಕಾಲು ಭಾಗ ಫಾಲೋಅಪ್‌ಗೆ ಬರುವುದಿಲ್ಲ ಎಂದು ಕೂಡಿಸಿದರೆ 108. ತಿಂಗಳಿಗೆ 6ರಂತೆ 18 ತಿಂಗಳು. ನಿನ್ನ ಹತ್ತಿರ ಇರುವುದೆಷ್ಟು? ಕೋರ್ಸಿನ 36 ತಿಂಗಳಲ್ಲಿ ಮೊದಲ 6 ಸಿನಾಪ್ಸಿಸ್‌ಗೂ ಎಥಿಕ್ಸ್ ಕಮಿಟಿಗೂ ಹೋಯಿತು. ಥೀಸಿಸ್ ಪರೀಕ್ಷೆಗೆ 6 ತಿಂಗಳ ಮುಂಚೆ ಒಪ್ಪಿಸಬೇಕು. ಲೆಕ್ಕ, ಬರವಣಿಗೆಗೆ 3. ಜಿಲ್ಲಾ ಆಸ್ಪತ್ರೆಯ ರೆಸಿಡೆನ್ಸಿಗೆ 3. ಉಳಿದದ್ದು ಸರಿಯಾಗಿ 18. ಒಂದು ಜ್ವರಕ್ಕೂ ಜಾಗವಿಲ್ಲ. ಆದ್ದರಿಂದ 12 ಅಂಶದ ಅಂತರ ಒಪ್ಪಿಕೊ: 57 ಜನ, ನಷ್ಟ ಸೇರಿ 76, ಸುಮಾರು 13 ತಿಂಗಳು. ಉತ್ತರ ಸ್ವಲ್ಪ ಒರಟಾಗುತ್ತದೆ, ಆದರೆ ಮುಗಿಯುತ್ತದೆ. ಯಾಕೆ 12 ಎಂದು ಸಿನಾಪ್ಸಿಸ್‌ನಲ್ಲೇ ಮುಚ್ಚುಮರೆಯಿಲ್ಲದೆ ಬರೆದುಬಿಡು.

ಫಾಲೋಅಪ್ ತಪ್ಪುವುದೇ ಇಂಥ ಅಧ್ಯಯನದ ದೊಡ್ಡ ಗಂಡಾಂತರ, ಏಕೆಂದರೆ ಮತ್ತೆ ಕುಡಿಯಲು ಶುರುಮಾಡಿದವರೇ ಬರುವುದಿಲ್ಲ. ರೋಗಿಯ ಒಪ್ಪಿಗೆ ಪಡೆದು ಮನೆಯವರ ಎರಡು ಫೋನ್ ನಂಬರ್ ಬರೆದುಕೊ. ಮಾತ್ರೆ ಮುಗಿಯುವ ದಿನಕ್ಕೇ ಫಾಲೋಅಪ್ ತಾರೀಖು ಕೊಡು. ಬರದವರ ವಯಸ್ಸು, ಎಷ್ಟು ವರ್ಷದ ಕುಡಿತ ಎಂಬುದನ್ನಾದರೂ ಬಂದವರ ಜೊತೆ ಹೋಲಿಸಿ ತೋರಿಸು.

ಇನ್ನು ಗೈಡ್, ಅಂದರೆ ಥೀಸಿಸ್ ಮಾಡಿಸುವ ನಿನ್ನ ಮೇಷ್ಟ್ರ ವಿಚಾರ. ಗೈಡ್ ಎಂದರೆ ಸಹಿ ಹಾಕುವವರು ಎಂದು ಬಹಳಷ್ಟು ಪಿಜಿಗಳು ತಿಳಿದಿರುತ್ತಾರೆ. ನೀನು ಅವರಿಂದ ಕೇಳಿ ಪಡೆಯಬೇಕಾದದ್ದು ಒಂದೇ: ರೋಗಿಯ ಮುಂದೆ ಇಬ್ಬರೂ ಒಟ್ಟಿಗೆ ಕೂರುವುದು. ಮೊದಲ ಐದು ರೋಗಿಗಳನ್ನು ಅವರು ಕೇಳಲಿ, ನೀನು ಪಕ್ಕದಲ್ಲಿ ಕೂತು ಅಂಕ ಹಾಕು. ಮುಂದಿನ ಐದು ನೀನು ಕೇಳು, ಅವರು ಹಾಕಲಿ. ಒಬ್ಬರ ಹಾಳೆ ಇನ್ನೊಬ್ಬರು ನೋಡಬಾರದು. ಆಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟು ಮೊತ್ತ ಬಿಟ್ಟು ಒಂದೊಂದೇ ಅಂಶ ನೋಡಿ. ಇಬ್ಬರದೂ ಒಟ್ಟು 16 ಬಂದು, ಒಳಗೆ ಆರು ಕಡೆ ಬೇರೆ ಬೇರೆ ಇರಬಹುದು. ‘ನನ್ನಿಂದಲೇ ಮನೆ ಹಾಳಾಯ್ತು ಡಾಕ್ಟ್ರೇ’ ಎಂದು ಕುಡಿತದ ಸಾಲ ತೀರಿಸಲಾಗದವನು ಹೇಳಿದರೆ ಅಪರಾಧಿ ಭಾವಕ್ಕೆ 1 ಹಾಕಬೇಕೋ 2 ಹಾಕಬೇಕೋ? ಈ ಕಾಯಿಲೆ ತನಗೆ ಬಂದ ಶಿಕ್ಷೆ ಎಂದರೆ 3. ಇಂಥದ್ದನ್ನು ಯಾವ ಪುಸ್ತಕವೂ ಕೂತು ಬಿಡಿಸಿ ಹೇಳುವುದಿಲ್ಲ. ಈ ಹತ್ತು ಜನ ಕಲಿಕೆಗೆ. ಇಬ್ಬರ ಹೊಂದಾಣಿಕೆಯ ಅಂಕಿ ಥೀಸಿಸ್‌ನಲ್ಲಿ ಬರೆಯುವುದಾದರೆ 20-30 ಜನರ ಮೇಲೆ ಲೆಕ್ಕ ಹಾಕು. ಆರು ತಿಂಗಳಾದ ಮೇಲೆ ಮತ್ತೆ ಮೂರು ರೋಗಿಗಳನ್ನು ಒಟ್ಟಿಗೆ ನೋಡಿ. ಬರುಬರುತ್ತಾ ಕೈ ಸಡಿಲವಾಗಿ ಎಲ್ಲರಿಗೂ 1 ಹಾಕುವ ಚಾಳಿ ಯಾರಿಗಾದರೂ ಬರುತ್ತದೆ.

ಅವರಿಗೆ ಪುರುಸೊತ್ತಿಲ್ಲ ಎನ್ನಬೇಡ. ವಾರಕ್ಕೆ 20 ನಿಮಿಷ, ಓಪಿಡಿ ಮುಗಿದ ಮೇಲೆ, ಒಂದೇ ದಿನ ಒಂದೇ ಹೊತ್ತು ಕೇಳಿಕೊ. ಕೈಯಲ್ಲಿ ಒಂದೇ ಹಾಳೆ ಇರಲಿ: ಈ ವಾರ ಎಷ್ಟು ಜನ ಸೇರಿದರು, ಎಲ್ಲಿ ಸಿಕ್ಕಿಹಾಕಿಕೊಂಡೆ, ಯಾವ ತೀರ್ಮಾನ ಬೇಕು. ಅಂದೇ ಸಂಜೆ ‘ಸರ್, ಹೀಗೆ ನಿಶ್ಚಯಿಸಿದೆವು’ ಎಂದು ನಾಲ್ಕು ಸಾಲಿನ ಮೇಲ್ ಹಾಕು. ಎಂಟು ತಿಂಗಳ ನಂತರ ಆ ಮಾತು ಮರೆತುಹೋಯಿತು ಎಂದು ಯಾರೂ ಅನ್ನುವಂತಿಲ್ಲ. ಪೇಪರ್ ಬರೆದರೆ ಯಾರ ಹೆಸರು ಎಲ್ಲಿ ಎಂಬುದನ್ನೂ ಈಗಲೇ ಗೌರವದಿಂದ ಕೇಳಿಬಿಡು. ಆಮೇಲೆ ಕೇಳಿದರೆ ಮನಸ್ಸು ಮುರಿಯುತ್ತದೆ.

ಕನ್ನಡದ ಪ್ರಶ್ನೆಗಳ ಬಗ್ಗೆ ನನಗೆ ಬಹಳ ಕಾಳಜಿ. ‘ನಿಮಗೆ ಖಿನ್ನತೆಯ ಭಾವನೆ ಇದೆಯೇ’ ಎಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ನಿನ್ನ ವಾರ್ಡಿನಲ್ಲಿ ಒಬ್ಬರು ‘ಬೇಜಾರು’ ಎನ್ನುತ್ತಾರೆ, ಹುಬ್ಬಳ್ಳಿ ಕಡೆಯವರು ‘ಬ್ಯಾಸರ’ ಎನ್ನುತ್ತಾರೆ, ಇನ್ನೊಬ್ಬರು ಎದೆ ಮೇಲೆ ಕೈಯಿಟ್ಟು ‘ಇಲ್ಲಿ ಭಾರ’ ಎನ್ನುತ್ತಾರೆ. ಅದೇ ‘ಬೇಜಾರು’ ಹೊತ್ತು ಹೋಗದಿರುವುದಕ್ಕೂ ನಡೆಯುತ್ತದೆ, ಹಾಗಾಗಿ ‘ಬೇಜಾರು ಅಂದ್ರೆ ಹೇಗೆ, ಬಿಡಿಸಿ ಹೇಳಿ’ ಎಂದು ಇನ್ನೊಂದು ಪ್ರಶ್ನೆ ಬೇಕೇ ಬೇಕು. 1970ರ ದಶಕದಲ್ಲಿ ಮನೋವೈದ್ಯರಾದ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಕರಾವಳಿಯ ಕೋಟ ಎಂಬ ಊರಿನವರ ಮಾನಸಿಕ ಆರೋಗ್ಯದ ಅಧ್ಯಯನ ಪ್ರಕಟಿಸಿದರು. ಹೊರಗಿನ ಪ್ರಶ್ನಾವಳಿಯನ್ನು ಹಾಗೇ ಹೊತ್ತು ತರದೆ ಇಲ್ಲಿಯವರಿಗೆಂದೇ ಒಂದನ್ನು ಕಟ್ಟಿಕೊಂಡಿದ್ದು ಆ ಕೆಲಸದ ಗಟ್ಟಿತನ. ನೀನು ಕನಿಷ್ಠ ಇಷ್ಟು ಮಾಡು: ಒಬ್ಬರು ಕನ್ನಡಕ್ಕೆ ತರಲಿ, ಮೂಲ ನೋಡದ ಇನ್ನೊಬ್ಬರು ಇಂಗ್ಲಿಷಿಗೆ ವಾಪಸ್ ತರಲಿ, ಎರಡನ್ನೂ ಹೋಲಿಸಿ ತಿದ್ದಿ. ಆಮೇಲೆ ವಾರ್ಡಿನ ಐದಾರು ಜನರಿಗೆ ಓದಿ ಹೇಳಿ, ಏನು ಅರ್ಥವಾಯಿತು ಎಂದು ಕೇಳು.

ಆತ್ಮಹತ್ಯೆಯ ಯೋಚನೆ ಹ್ಯಾಮಿಲ್ಟನ್‌ನ ಮೂರನೇ ಅಂಶ. ಅದಕ್ಕೆ ಯಾರಾದರೂ ಹೌದು ಎಂದ ಕ್ಷಣ ಅದು ಡೇಟಾ ಅಲ್ಲ. ಆ ರೋಗಿಯನ್ನು ಒಂಟಿಯಾಗಿ ಬಿಡದೆ, ಅವತ್ತೇ ಚಿಕಿತ್ಸೆ ಕೊಡುವ ಡಾಕ್ಟರಿಗೆ ತಿಳಿಸಿ, ಕೇಸ್ ಶೀಟಿನಲ್ಲಿ ಬರೆಯಬೇಕು. ಪ್ರಾಣಕ್ಕೆ ಅಪಾಯವಿದ್ದರೆ ಗುಟ್ಟು ಉಳಿಸಲಾಗದು ಎಂದು ಒಪ್ಪಿಗೆ ಪತ್ರದಲ್ಲಿ ಮೊದಲೇ ಇರಲಿ. ಮನೆಗೆ ಹೋದವರ ಕೈಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ನಂಬರ್ 14416 ಬರೆದ ಚೀಟಿ ಇರಲಿ.

ಎಕ್ಸೆಲ್‌ನಲ್ಲಿ ಬರೀ ಮೊತ್ತ ತುಂಬಬೇಡ. 17 ಅಂಶಕ್ಕೂ 17 ಕಾಲಂ. ಕೇಳಲು ಮರೆತದ್ದಕ್ಕೆ 0 ಹಾಕಬೇಡ, ಖಾಲಿ ಬಿಡು. ಹೆಸರಿನ ಪಟ್ಟಿ ಬೇರೆ ಕಡೆ, ಬೀಗದಲ್ಲಿ.

ಕೊನೇ ತಿಂಗಳುಗಳಲ್ಲಿ 76ಕ್ಕೆ 60 ಆಗಿದ್ದರೆ, ನೈಟ್ ಡ್ಯೂಟಿಯಲ್ಲಿ ಕೂತು ಉಳಿದ ಹಾಳೆ ತುಂಬಿಬಿಡು ಎನ್ನುವವರು ಸಿಗುತ್ತಾರೆ. ಬೇಡ ಪುಟ್ಟೀ. 60 ಎಂದೇ ಬರೆದು ಕಾರಣ ಕೊಡು, ಅಂತರ ಎಷ್ಟು ಹಿಗ್ಗಿತು ಎಂದು ಲೆಕ್ಕ ತೋರಿಸು. ಗೈಡ್‌ಗೆ ಈ ಮಾತು ಹದಿನೈದನೇ ತಿಂಗಳಿಗೇ ಗೊತ್ತಿರಲಿ, ಮೂವತ್ತನೇ ತಿಂಗಳಲ್ಲಲ್ಲ.

ಸದ್ಯಕ್ಕೆ ಆ 48 ಗಂಟೆಯ ಸಾಲು ಹೊಡೆದು ಹಾಕಿ, ರಿಜಿಸ್ಟರಿನ ಮೂರು ತಿಂಗಳ ಎಣಿಕೆ ನನಗೆ ಕಳಿಸು.

ನಿನ್ನ,
ಅಮ್ಮ