ಸಂಪಾದಕೀಯ: ಕುದುರೆ, ಹೊಳೆ, ಕಾಟಿಪಳ್ಳದ ಬಸ್ಸು

“ಅಪ್ಪಾ, ಇಲ್ಲಿ ಕುದುರೆಯೇ ಮನುಷ್ಯನ ಮೇಲೆ ಕೂತದ್ದಾ?”

ರಥಬೀದಿಯಲ್ಲಿ ಕೀಲುಕುದುರೆ ನೋಡಿ ಮಗಳು ಕೇಳಿದ ಪ್ರಶ್ನೆ. ವಿಟ್ಲಪಿಂಡಿಯ ದಿನ. ಮುಂದೆ ಆಳೆತ್ತರಕ್ಕೂ ಮೀರಿದ ಬೊಂಬೆ ತಟ್ಟಿರಾಯ, ಹಿಂದೆ ಹುಲಿವೇಷದವರ ತಾಸೆ, ನಡುವೆ ಸೊಂಟಕ್ಕೆ ಬಿದಿರಿನ ಕುದುರೆ ಸಿಕ್ಕಿಸಿಕೊಂಡು ಕುಣಿಯುವ ಹುಡುಗರು. ಜುಲೈಯಲ್ಲಿ ಜೀವಂತ ಕುದುರೆಯ ಬೆನ್ನ ಮೇಲೆ ಕೂತು ಕಾಡು ಸುತ್ತಿ ಬಂದವಳಿಗೆ, ಈ ಕುದುರೆಯ ಅಡಿಯಲ್ಲಿ ಎರಡೇ ಕಾಲು, ಅದೂ ಮನುಷ್ಯನದ್ದು ಎಂದು ಕಂಡು ನಗು ತಡೆಯಲಿಲ್ಲ.

ಹೌದು, ಈ ಸಲದ ಸಂಪಾದಕೀಯ ಉಡುಪಿಯಿಂದ. ಇಲ್ಲಿಯ ಅಷ್ಟಮಿ ಸೌರಮಾನದ ಲೆಕ್ಕದ್ದು, ಹಾಗಾಗಿ ಸೆಪ್ಟೆಂಬರಿಗೆ ಬಂತು. ಮಗಳ ಶಾಲೆಯಲ್ಲಿ ಹೇಳಿ ಕೇಳಿ ರಜೆ ಪಡೆದು ಬಂದಿದ್ದೇವೆ. ನಮ್ಮ ಕನ್ನಡ ಸಂಘದ ಅಧ್ಯಕ್ಷರು ಕೆನಡಾದ ಎಡ್ಮಂಟನ್ನಿನಲ್ಲಿ ಬೆಳಗಿನ ಕಾಫಿ ಕುಡಿಯುತ್ತಾ ಕಳಿಸುವ “ಎಡಿಟೋರಿಯಲ್ ಒಂದು ಬಾಕಿ” ಎಂಬ ವಾಟ್ಸಾಪು ನನಗೆ ಇಲ್ಲಿ ರಾತ್ರಿ ಊಟ ಮುಗಿಸಿ ಕೈ ತೊಳೆಯುವಾಗ ಬರುತ್ತದೆ. ಹೊರಗೆ ಮಳೆ, ಒಳಗೆ ಕರೆಂಟು ಬಂದು ಹೋಗಿ ಬಂದು ಹೋಗಿ. ಅಷ್ಟಮಿಯ ಬಗ್ಗೆ ಬರೆಯುವಾ ಎಂದರೆ ಅದನ್ನು ಪ್ರತಿ ವರ್ಷ ಬರೆದಾಗಿದೆ, ಚಕ್ಕುಲಿ ಉಂಡೆ ಸಮೇತ. ಆದ್ದರಿಂದ ಪಿಕ್ನಿಕ್ಕಿನಲ್ಲಿ ಎಲ್ಲರೂ ವಿಚಾರಿಸಿದ ಕುದುರೆ ಪ್ರವಾಸದ ಕಥೆಯನ್ನೇ ಹೇಳಿಬಿಡುತ್ತೇನೆ.

ನಾವು ಹೋದದ್ದು ವಿಲ್ಮೋರ್ ಕಾಡಿಗೆ. ಕೆನಡಾದ ಜಾಸ್ಪರ್ ರಾಷ್ಟ್ರೀಯ ಉದ್ಯಾನದ ಉತ್ತರಕ್ಕೆ ಅಂಟಿಕೊಂಡಿದೆ, 1959ರಲ್ಲಿ ಕಾಯ್ದಿಟ್ಟದ್ದು, 4,600 ಚದರ ಕಿಲೋಮೀಟರ್. ನಮ್ಮ ಉಡುಪಿ ಜಿಲ್ಲೆಗಿಂತ ದೊಡ್ಡ ಜಾಗ; ಒಳಗೆ ರಸ್ತೆ ಇಲ್ಲ, ಮೋಟಾರು ಗಾಡಿ ಬಿಡುವುದಿಲ್ಲ. ಗ್ರ್ಯಾಂಡ್ ಕ್ಯಾಶ್ ಪೇಟೆಯ ಹೊರಗೆ ಕಾರು ನಿಲ್ಲಿಸಿದ ಮೇಲೆ ನಡೆಯಬೇಕು, ಇಲ್ಲವೇ ಕುದುರೆ. ಫೋನಿಗೆ ಸಿಗ್ನಲ್ ಇಲ್ಲ. ಆ ದಿನಗಳಲ್ಲಿ ಸಂಘದ ವಾಟ್ಸಾಪ್ ಗುಂಪಿನಲ್ಲಿ ಏನು ಜಗಳ ಆಯಿತೋ ನನಗೆ ಇಂದಿಗೂ ಗೊತ್ತಿಲ್ಲ, ಯಾರೂ ಹೇಳಬೇಡಿ.

ಸವಾರಿ ಬರಬೇಕಾ ಎಂದು ಕೇಳಿದವರಿಗೆ: ಬೇಡ. ಕುದುರೆಗೆ ದಾರಿ ಗೊತ್ತು. ನನ್ನದು ವಯಸ್ಸಾದ ಬಿಳಿ ಹೆಣ್ಣು ಕುದುರೆ. ಮುಂದಿನದರ ಬಾಲ ನೋಡಿಕೊಂಡು ನಡೆಯುತ್ತದೆ, ಒಳ್ಳೆಯ ಹುಲ್ಲು ಕಂಡಲ್ಲಿ ನಿಲ್ಲುತ್ತದೆ, ಲಗಾಮು ಎಳೆದರೆ ಯಾರಪ್ಪ ಇವನು ಎಂಬಂತೆ ಕಿವಿ ಹಿಂದಕ್ಕೆ ಮಾಡುತ್ತದೆ. ಜೀನು ಬಿಗಿಯುವಾಗ ಹೊಟ್ಟೆ ಉಬ್ಬಿಸಿಕೊಳ್ಳುವ ಉಪಾಯವೂ ಅದಕ್ಕೆ ಗೊತ್ತು. ಸ್ವಲ್ಪ ದೂರ ಹೋದ ಮೇಲೆ ಇಳಿದು ಪಟ್ಟಿ ಮತ್ತೊಮ್ಮೆ ಬಿಗಿಯದಿದ್ದರೆ ಜೀನು ಸಮೇತ ನಾವು ಬದಿಗೆ ಜಾರುತ್ತೇವೆ. ನೋವು ಎರಡನೆಯ ದಿನ ಬರುತ್ತದೆ. ಎಲ್ಲಿ ಎಂದು ಬರೆಯುವುದಿಲ್ಲ, ಇದು ಮಕ್ಕಳೂ ಓದುವ ಪತ್ರಿಕೆ.

ಸಾಮಾನು ಹೊರುವ ಕುದುರೆಗಳು ಬೇರೆ. ಒಂದಕ್ಕೆ ಸುಮಾರು 70 ಕಿಲೋ, ಅದೂ ಎರಡು ಬದಿಯ ಪೆಟ್ಟಿಗೆ ಸಮತೂಕ ಇರಬೇಕು. ಹೊರಡುವ ಮೊದಲು ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗುತ್ತಾರೆ. ನಮ್ಮ ಊಟದ ಚೀಲದಲ್ಲಿ ಅವಲಕ್ಕಿ, ಚಟ್ನಿಹುಡಿ, ಹಲಸಿನ ಹಪ್ಪಳ, ಅಮ್ಮ ಕಳಿಸಿದ ಮಿಡಿ ಉಪ್ಪಿನಕಾಯಿ. ಉಪ್ಪಿನಕಾಯಿಯ ಮುಚ್ಚಳ ತೆಗೆದು ಮೂಸಿದ ಗೈಡು ಒಂದು ಕ್ಷಣ ಸುಮ್ಮನಿದ್ದು, “ಇದು ಡೇರೆಯ ಹತ್ತಿರ ಬೇಡ” ಎಂದರು. ಕರಡಿಯ ಕಾಡು, ವಾಸನೆ ಬರುವ ಎಲ್ಲವೂ, ಟೂತ್‌ಪೇಸ್ಟ್ ಕೂಡ, ರಾತ್ರಿ ದೂರದ ಮರಕ್ಕೆ ಹಗ್ಗ ಹಾಕಿ ಎತ್ತರಕ್ಕೆ ಕಟ್ಟಬೇಕು. ಹಾಗೆ ಅಮ್ಮನ ಮಿಡಿ ರಾತ್ರಿಯೆಲ್ಲ ಸ್ಪ್ರೂಸ್ ಮರದಲ್ಲಿ ತೂಗಾಡಿತು.

ಹೊಳೆ ದಾಟುವುದು ಬೆಳಗ್ಗೆಯೇ. ಮಳೆ ಬಂದರೆ ಹೊಳೆ ತುಂಬುವುದನ್ನು ನಾವು ಬಲ್ಲೆವು. ಅಲ್ಲಿ ಬಿಸಿಲು ಬಂದರೆ ತುಂಬುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮೇಲೆ ಹಿಮನದಿ ಕರಗಿದ ನೀರು ಸಂಜೆಗೆ ಕೆಳಗೆ ಮುಟ್ಟುತ್ತದೆ, ರಾತ್ರಿಯ ಚಳಿಗೆ ಕರಗುವುದು ಕಡಿಮೆಯಾಗಿ ಬೆಳಗ್ಗೆ ಹೊಳೆ ಇಳಿದಿರುತ್ತದೆ. ಸ್ಮೋಕಿ ನದಿಗೆ ಸೇರುವ ಒಂದು ಹೊಳೆಯ ದಂಡೆಯಲ್ಲಿ ನಾವು ಸಾಲಾಗಿ ನಿಂತೆವು. ನೀರು ಅಕ್ಕಚ್ಚಿನ ಹಾಗೆ, ತಳ ಕಾಣುವುದಿಲ್ಲ. ಹಿಮನದಿಯು ಬಂಡೆಯನ್ನು ಅರೆದು ಅರೆದು ಮಾಡಿದ ಹುಡಿ ಅದು. ಇದೇ ಹುಡಿ ಸರೋವರಕ್ಕೆ ಇಳಿದು ಬೆಳಕು ಚದುರಿಸಿದರೆ ನಾವೆಲ್ಲ ಊರಿಗೆ ಫೋಟೊ ಕಳಿಸುವ ಆ ನೀಲಿಹಸಿರು. “ನೀರು ನೋಡಬೇಡಿ, ಆಚೆ ದಡ ನೋಡಿ. ಲಗಾಮು ಸಡಿಲ ಬಿಡಿ. ಬಿದ್ದರೆ ಕುದುರೆಯ ಮೇಲ್‌ಹೊಳೆಯ ಬದಿಗೆ ಬೀಳಿ” ಎಂದರು ಗೈಡು. ಎಲ್ಲಿ ಬೀಳಬೇಕೆಂದು ಆರಿಸಿಕೊಳ್ಳಲು ಅಷ್ಟು ಪುರುಸೊತ್ತು ಇರುತ್ತದಾ ಎಂದು ನಾನು ಕೇಳಲಿಲ್ಲ. ನೀರು ರಿಕಾಪಿಗೆ ಬಂತು, ಮೊಣಕಾಲಿಗೆ ಬಂತು, ಕುದುರೆ ಒಮ್ಮೆ ಬದಿಗೆ ವಾಲಿತು, ಮತ್ತೆ ಗೊರಸಿಗೆ ಕಲ್ಲು ಸಿಕ್ಕಿತು. ಮಗಳು ಆಚೆ ದಡ ಮುಟ್ಟಿ ಆಗಲೇ ನಗುತ್ತಿದ್ದಳು.

ಇದನ್ನು ಮೊನ್ನೆ ಅಮ್ಮನಿಗೆ ಹೇಳಿದರೆ, “ಬಿಸಿಲಿಗೆ ತುಂಬುವ ಹೊಳೆ ನಮಗೂ ಒಂದು ಬೇಕಿತ್ತು ಮಾರಾಯ, ಮೇಯಲ್ಲಿ ಬಜೆ ಬತ್ತುವಾಗ” ಎಂದರು. ಉಡುಪಿಗೆ ನೀರು ಕೊಡುವ ಅಣೆಕಟ್ಟು ಬಜೆ. ಎಡ್ಮಂಟನ್ನಿನ ನಮ್ಮ ನಲ್ಲಿಗೆ ಬರುವ ನಾರ್ತ್ ಸಸ್ಕಾಚೆವಾನ್ ಹುಟ್ಟುವುದೂ ಒಂದು ಹಿಮನದಿಯಲ್ಲಿ, ಆ ಹಿಮನದಿ ವರ್ಷ ವರ್ಷ ಹಿಂದೆ ಸರಿಯುತ್ತಿದೆ ಎಂದು ಹೇಳಲು ಹೋಗಲಿಲ್ಲ. ಮಗ ಮೊಮ್ಮಗಳು ಅಲ್ಲಿ ನೀರಿಗಾದರೂ ಸುಖವಾಗಿದ್ದಾರೆ ಎಂದುಕೊಳ್ಳಲಿ.

ಒಂದು ಸಂಜೆ ಬೆಂಕಿಯ ಹತ್ತಿರ ಗೈಡು ತಮ್ಮ ಮನೆತನದ ಮಾತೆತ್ತಿದರು. ಐವತ್ತು ದಾಟಿದ ಹೆಂಗಸು, ಮಾತು ಕಮ್ಮಿ. ಕ್ರೀ, ಇರಕ್ವಾಯ್, ಮೆಟೀ ಎಂಬ ಮೂಲನಿವಾಸಿಗಳ ರಕ್ತ ಬೆರೆತ ಕುಟುಂಬಗಳು ಜಾಸ್ಪರಿನ ಅಥಾಬಾಸ್ಕಾ ಕಣಿವೆಯಲ್ಲಿ ಮನೆ ಕಟ್ಟಿ, ಕುದುರೆ ಸಾಕಿ ಬದುಕಿದ್ದವು. 1907ರಲ್ಲಿ ಅದು ಉದ್ಯಾನವಾಯಿತು. 1910ರ ಹೊತ್ತಿಗೆ ಅವರನ್ನು ಎಬ್ಬಿಸಿದರು. ಕೆಲವರು ಕುದುರೆಗಳನ್ನು ಹೊಡೆದುಕೊಂಡು ಬೆಟ್ಟದಾಚೆ ಗ್ರ್ಯಾಂಡ್ ಕ್ಯಾಶ್ ಕಡೆ ಬಂದರು. ಅಲ್ಲಿಯೂ 1969ರಲ್ಲಿ ಕಲ್ಲಿದ್ದಲಿಗಾಗಿ ಪೇಟೆ ಎದ್ದಿತು. “ಜಾಸ್ಪರಿನಲ್ಲಿ ನಮ್ಮವರ ಹಳೆ ಮನೆ ಇನ್ನೂ ನಿಂತಿದೆ. ಬೇಕಾದರೆ ಟಿಕೆಟು ಕೊಂಡು ಹೋಗಿ ನೋಡಬಹುದು” ಎಂದರು. ನಕ್ಕರೋ ಇಲ್ಲವೋ, ಹೊಗೆಯಲ್ಲಿ ಕಾಣಲಿಲ್ಲ.

ನನಗೆ ಅಮ್ಮನ ಅಮ್ಮ ನೆನಪಾದರು. ಪಣಂಬೂರಿನವರು. 1960ರ ದಶಕದಲ್ಲಿ ಅಲ್ಲಿ ಬಂದರಿಗೆ ಜಾಗ ಹೋದಾಗ ಎಷ್ಟೋ ಮನೆಗಳ ಹಾಗೆ ಅವರದ್ದೂ ಎದ್ದು ಕಾಟಿಪಳ್ಳಕ್ಕೆ ಬಂತು. ದೂರವೇನಲ್ಲ, ಸುರತ್ಕಲಿನ ಒಳಗೆ. ಹೊಯಿಗೆ ನೆಲದಲ್ಲಿ ಹುಟ್ಟಿ ಬೆಳೆದವರಿಗೆ ಮುರಕಲ್ಲಿನ ಗುಡ್ಡೆ ಕೊಟ್ಟರು, ತೆಂಗು ಹಿಡಿಯುವುದಿಲ್ಲ ಎಂದು ಅಜ್ಜಿ ಕೊನೆಯ ತನಕ ಹೇಳುತ್ತಿದ್ದರು. ದೈವಗಳೂ ಜೊತೆಗೆ ಬಂದವು. ಬಾವಿ ಬರಲಿಲ್ಲ. ಸಮುದ್ರದ ಅಷ್ಟು ಹತ್ತಿರ ಇದ್ದರೂ ನೀರು ಸೀ ಇತ್ತಂತೆ, ನೆರೆಮನೆಯವರೂ ಅಲ್ಲಿಂದಲೇ ಸೇದುವುದು.

ರಜೆಯಲ್ಲಿ ನನ್ನನ್ನು ಕರೆದುಕೊಂಡು ಮಂಗಳೂರಿಗೆ ಹೋದರೆ, ವಾಪಸ್ ಬರುವಾಗ ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಬಸ್ಸು ಹತ್ತಿ ಎಡಬದಿಯ ಕಿಟಕಿಯೇ ಬೇಕು ಎನ್ನುತ್ತಿದ್ದರು. ಕೂಳೂರಿನ ಸಂಕ ದಾಟುವ ತನಕ ತೂಕಡಿಕೆ. ಪಣಂಬೂರು ಬಂದದ್ದೇ ಎದ್ದು ನಿಲ್ಲುವುದು, ಸರಳು ಹಿಡಿದು ಕಡಲ ಬದಿಗೆ ನೋಡುವುದು. ಅಲ್ಲಿ ಇದ್ದದ್ದು ಗೋಡೆ, ಲಾರಿಗಳ ಸಾಲು, ದೂರದಲ್ಲಿ ಒಂದು ಕ್ರೇನು. ಕಂಡಕ್ಟರ್ ಸೀಟಿ ಬಾಯಿಗಿಟ್ಟು, “ಜಪ್ಪುವರಾ ಅಜ್ಜೀ?” ಎಂದು ತುಳುವಿನಲ್ಲಿ ಕೇಳುವುದು, ಇಳಿಯುತ್ತೀರಾ ಎಂದು. “ಇಜ್ಜಿ ಮಗಾ”, ಇಲ್ಲ ಮಗ. ಮತ್ತೆ ಕೂರುವುದು. ಪ್ರತಿ ಸಲ. ಆ ರೂಟಿನ ಹಳೆಯ ಕಂಡಕ್ಟರುಗಳು ಕೇಳುವುದನ್ನೇ ಬಿಟ್ಟಿದ್ದರು, ಹೊಸಬರು ಮಾತ್ರ ಸೀಟಿ ಊದಿ ಬಸ್ಸು ನಿಲ್ಲಿಸಿಬಿಡುತ್ತಿದ್ದರು. ಆಗ ಬಸ್ಸಿನವರೆಲ್ಲ ತಿರುಗಿ ನೋಡಿದರೆ ನನಗೆ ನಾಚಿಕೆ. “ಯಾಕೆ ಏಳುವುದು ಅಜ್ಜಿ” ಎಂದು ಒಮ್ಮೆ ಸಿಟ್ಟಿನಲ್ಲಿ ಕೇಳಿದ್ದಕ್ಕೆ, “ನಮ್ಮ ಜಾಗದ ಎದುರು ಕೂತುಕೊಂಡು ಹೋಗುವುದಾ?” ಎಂದರು.

ಗೈಡಿಗೆ ನನ್ನ ಇಂಗ್ಲಿಷಿನಲ್ಲಿ ಇಷ್ಟನ್ನು ಹೇಳಿದೆ. ಅವರು ಕೇಳಿದ್ದು ಒಂದೇ, ಬಾವಿ ಎಷ್ಟು ಆಳ ಇತ್ತು ಎಂದು.

ನಾವು ಸಂಘದಲ್ಲಿ ಊರು ಊರು ಎಂದು ಬಹಳ ಹೇಳುತ್ತೇವೆ, ನಾನೇ ಈ ಪುಟದಲ್ಲಿ ಅತಿ ಹೆಚ್ಚು. ಆದರೆ ನಮ್ಮನ್ನು ಯಾರೂ ಎಬ್ಬಿಸಲಿಲ್ಲ. ವೀಸಾ ಬಂತು, ಹೋದೆವು. ರಜೆ ಸಿಕ್ಕಿದರೆ ಬಂದು ಹುಲಿವೇಷ ನೋಡಿ ಹೋಗುತ್ತೇವೆ. ರಾಜ್ಯೋತ್ಸವದ ಆರಂಭದಲ್ಲಿ ಟ್ರೀಟಿ 6ರ, ಅಂದರೆ ಮೂಲನಿವಾಸಿಗಳ ಜೊತೆ ಮಾಡಿಕೊಂಡ ಒಪ್ಪಂದದ ನೆಲದ ಬಗ್ಗೆ ನಾಲ್ಕು ಸಾಲು ಓದುತ್ತೇವಲ್ಲ, ಮೈಕು ಸರಿಮಾಡುವಷ್ಟರಲ್ಲಿ ಅದು ಮುಗಿದಿರುತ್ತದೆ. ಈ ಸಲ ಓದುವವರು ದಯವಿಟ್ಟು ಮನೆಯಲ್ಲಿ ಒಮ್ಮೆ ಓದಿಕೊಂಡು ಬನ್ನಿ.

ಅಂದ ಹಾಗೆ ರಾಜ್ಯೋತ್ಸವ ನವೆಂಬರಿನ ಮೊದಲ ಶನಿವಾರ, ಮಾಮೂಲಿ ಹಾಲ್, ಮಧ್ಯಾಹ್ನ ಮೂರಕ್ಕೆ. ಮೂರು ಎಂದರೆ ಮೂರು. ಮಕ್ಕಳ ನೃತ್ಯಕ್ಕೆ ಹೆಸರು ಕೊಡಲು ಅಕ್ಟೋಬರ್ ಹದಿನೈದು ಕೊನೆ, ಹಾಡಿನ ಫೈಲು ಮೊದಲೇ ಕಳಿಸಿ, ವೇದಿಕೆಯ ಹತ್ತಿರ ಪೆನ್‌ಡ್ರೈವ್ ಹಿಡಿದುಕೊಂಡು ಬರಬೇಡಿ. ಭಾನುವಾರದ ಕನ್ನಡ ತರಗತಿ ಶುರುವಾಗಿದೆ, ದೊಡ್ಡ ಮಕ್ಕಳ ಗುಂಪಿಗೆ ಕಲಿಸುವವರು ಒಬ್ಬರು ಬೇಕು. ದೀಪಾವಳಿಯ ಊಟಕ್ಕೆ ದೊಡ್ಡ ಪಾತ್ರೆ ಇರುವವರು ತಿಳಿಸಿ. ಕಳೆದ ಯುಗಾದಿಯಲ್ಲಿ ಯಾರದ್ದೋ ಇಡ್ಲಿ ಅಟ್ಟೆ ನಮ್ಮ ಮನೆಯಲ್ಲಿ ಉಂಟು.

ಈ ಪುಟಗಳನ್ನು ಚಂದ ಮಾಡಿ ಕೊಡುತ್ತಿದ್ದವರು ಕೆಲಸದ ಮೇಲೆ ಟೊರಾಂಟೊಗೆ ಹೋದರು. ಈ ಸಂಚಿಕೆಯ ಅಕ್ಷರಗಳು ಒಂದು ಪುಟದಲ್ಲಿ ದೊಡ್ಡದು, ಒಂದರಲ್ಲಿ ಸಣ್ಣದು ಕಂಡರೆ ಅದು ನನ್ನ ಕೈಕೆಲಸ. ತಿಂಗಳಿಗೆ ಎರಡು ಸಂಜೆ ಕೊಡುವವರು ಯಾರಾದರೂ ಸಿಕ್ಕಿದರೆ ಪತ್ರಿಕೆ ನಡೆಯುತ್ತದೆ. ಸಿಗದಿದ್ದರೆ ಜನವರಿ ಸಂಚಿಕೆ ಬರುವುದು ಕಷ್ಟ. ಇದನ್ನು ಸಭೆಯಲ್ಲಿ ಹೇಳುವ ಧೈರ್ಯ ನನಗೆ ಬರುವುದಿಲ್ಲ, ಇಲ್ಲಿ ಬರೆದಿದ್ದೇನೆ.

ಮುಂದಿನ ಜುಲೈಗೆ ಕುದುರೆಯಲ್ಲಿ ಹೋಗಲು ನಾಲ್ಕೈದು ಮನೆಯವರು ಸೇರಿದರೆ ನಮಗೇ ಒಂದು ಗುಂಪು ಮಾಡಿಕೊಡುತ್ತಾರಂತೆ. ಆಸಕ್ತರು ಹೆಸರು, ವಯಸ್ಸು, ತೂಕ ಕಳಿಸಿ. ತೂಕ ಸರಿಯಾದದ್ದೇ ಬರೆಯಿರಿ. ಯಾರಿಗೆ ಯಾವ ಕುದುರೆ ಎಂದು ಅದನ್ನು ನೋಡಿಯೇ ಅವರು ನಿಶ್ಚಯಿಸುವುದು.