ನಿನ್ನ ಮಡಿಕೇರಿ ಬ್ರೆಡ್ಡು, ನಮ್ಮ ರಾಯಚೂರು ಬಿಸಿಲು

ದೋಸ್ತಾ,

ನೀನು ಮಡಿಕೇರಿಯಿಂದ ಕಳಿಸಿದ ಬ್ರೆಡ್ಡಿನ ಲೆಕ್ಕ ಓದಿ ಅಂದೇ ರಾತ್ರಿ ಹಿಟ್ಟು ಕಲಸಿದೆ. ‘ರಾತ್ರಿಯೆಲ್ಲಾ ಕಟ್ಟೆ ಮೇಲೆ ಮುಚ್ಚಿಡು, ಬೆಳಿಗ್ಗೆ ಎರಡರಷ್ಟು ಉಬ್ಬಿರುತ್ತೆ’ ಅಂತ ಬರೆದಿದ್ದೆ. ರಾಯಚೂರಲ್ಲಿ ಹುಟ್ಟಿ ಬೆಳೆದವನು ಹಂಗ ಬರೀತಾರೇನಲೇ?

ಬೆಳಿಗ್ಗೆ 5ಕ್ಕೆ ಎದ್ದು ನೋಡಿದರೆ ಹಿಟ್ಟು ಬೋಗುಣಿ ದಾಟಿ ಕಟ್ಟೆಗೆ ಇಳಿದಿತ್ತು. ನಡುವೆ ಕುಸಿದು ಕೂತಿತ್ತು. ವಾಸನೆ ಥೇಟ್ ಸೇಂದಿ. ಅವ್ವ ಬಾಗಿಲಲ್ಲೇ ನಿಂತು, “ಯಾರ್ ಕುಡದ್ ಬಂದಾರ ಮನಿಗೆ?” ಅಂದಳು.

ನಿನ್ನ ಅಡುಗೆಮನೆ ರಾತ್ರಿ 20 ಡಿಗ್ರಿ ಇದ್ದೀತು. ನಮ್ಮದು ಏಪ್ರಿಲ್‌ನಲ್ಲಿ ರಾತ್ರಿ 11ಕ್ಕೂ 33. ಯೀಸ್ಟಿಗೆ ಅಷ್ಟು ಬಿಸಿ ಸಿಕ್ಕರೆ ಎರಡು ತಾಸಿನಲ್ಲೇ ಕೆಲಸ ಮುಗಿಸುತ್ತೆ. ಆಮೇಲೂ ಸುಮ್ನೆ ಇರಲ್ಲ, ಹಿಟ್ಟು ಹುಳಿ ಬರ್ತಾ ಹೋಗುತ್ತೆ. ಹಾಗಾಗಿ ಇಲ್ಲಿ ರಾತ್ರಿ ಅಂದ್ರೆ ಫ್ರಿಜ್ಜೇ. ತಣ್ಣಗಿದ್ದರೆ ಅದು ನಿಧಾನ ಉಬ್ಬುತ್ತೆ, ಆ 10–12 ತಾಸಿನಲ್ಲಿ ರುಚಿಯೂ ಕೂಡುತ್ತೆ. ಹಾಲೂ ಫ್ರಿಜ್‌ನಿಂದ ತೆಗೆದದ್ದೇ ಹಾಕ್ತೀನಿ. ನಾದುವಾಗಲೇ ಹಿಟ್ಟು ಬಿಸಿ ಏರುತ್ತಲ್ಲ, ಅದಕ್ಕೆ.

ಇನ್ನೊಂದು ಬದಲಾವಣೆ ಅವ್ವನಿಂದ ಬಂತು. ಮೊದಲೆರಡು ಬ್ರೆಡ್ಡು ಮರುದಿನವೇ ಒಣಗಿ ಪುಡಿಪುಡಿ ಆದವು. ಅವ್ವ ನೋಡಿ, “ಎಸರು ಹೊಯ್ದಿಲ್ಲೇನು?” ಅಂತ ಕೇಳಿದಳು. ನಾನು ನಕ್ಕೆ. ನಗಬಾರದಿತ್ತು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗಿ ಇಲ್ಲ, ಅದಕ್ಕೇ ನಮ್ಮವರು ಕುದಿಯುವ ಎಸರು ಹೊಯ್ಯೋದು. ಹಿಟ್ಟು ಅರೆಬೆಂದು ಅಂಟು ಬರುತ್ತೆ, ರೊಟ್ಟಿ ಬಡಿಯುವಾಗ ಹರಿಯಲ್ಲ. ಜಪಾನಿನವರು ಮೆತ್ತನೆಯ ಬ್ರೆಡ್ಡಿಗೆ ಮಾಡೋದೂ ಇದನ್ನೇ, ಹೆಸರು ಯುದಾನೆ. ಅರೆಬೆಂದ ಹಿಟ್ಟು ನೀರು ಜಾಸ್ತಿ ಕುಡಿದು ಹಿಡಿದಿಟ್ಟುಕೊಳ್ಳುತ್ತೆ. ಬ್ರೆಡ್ಡು ಎರಡು ಮೂರು ದಿನ ಮೆತ್ತಗೇ ಇರುತ್ತೆ.

ಈಗಿನ ನನ್ನ ಲೆಕ್ಕ ಇದು. 400 ಗ್ರಾಂ ಮೈದಾದಲ್ಲಿ 80 ಗ್ರಾಂ ತೆಗೆದು, ಅಷ್ಟೇ ತೂಕದ ಕುದಿಯುವ ನೀರು ಹೊಯ್ದು ಸಟ್ಟುಗದಿಂದ ಕಲಸಿ ಪೂರ್ತಿ ಆರಿಸು. ಬಿಸಿ ಇದ್ದಾಗ ಯೀಸ್ಟ್ ಸೇರಿಸಬೇಡ, ಸತ್ತುಹೋಗುತ್ತೆ. ಆಮೇಲೆ ಉಳಿದ ಮೈದಾ, 190 ಮಿಲಿ ತಣ್ಣನೆ ಹಾಲು, 25 ಗ್ರಾಂ ಸಕ್ಕರೆ, 7 ಗ್ರಾಂ ಉಪ್ಪು, ಅರ್ಧ ಟೀ ಚಮಚ ಇನ್‌ಸ್ಟಂಟ್ ಯೀಸ್ಟ್. ಪರಾತದಲ್ಲಿ ಹತ್ತು ನಿಮಿಷ ನಾದಿದ ಮೇಲೆ 30 ಗ್ರಾಂ ಬೆಣ್ಣೆ. ಬೆಣ್ಣೆ ಹಾಕಿದ ಕೂಡಲೇ ಎಲ್ಲಾ ಕೆಟ್ಟಿತು ಅನಿಸುತ್ತೆ. ಹಿಟ್ಟು ಜಾರಿ ಜಾರಿ ಚೂರು ಚೂರಾಗುತ್ತೆ, ಕೈಗೆ ಮೆತ್ತಿಕೊಳ್ಳುತ್ತೆ. ಮೈದಾ ಉದುರಿಸಬೇಡ. ಇನ್ನೂ ಐದಾರು ನಿಮಿಷ ನಾದು. ಹೋಳಿಗೆ ಕಣಕದ ಹಾಗೆ ಆಗಬೇಕು. ಚೂರು ತೆಗೆದು ಎಳೆದರೆ ಹರಿಯದೆ, ಆಚೆಗಿನ ಬೆರಳು ಮಸುಕಾಗಿ ಕಾಣುವಷ್ಟು ತೆಳ್ಳಗಾದರೆ ಸಾಕು. ಮುಚ್ಚಿ ಫ್ರಿಜ್‌ಗೆ ಇಡು.

ಬೆಳಿಗ್ಗೆ ಲಟ್ಟಿಸಿ, ಚಾಪೆ ಹಾಗೆ ಬಿಗಿಯಾಗಿ ಸುತ್ತಿ, ಬೆಣ್ಣೆ ಸವರಿದ ಡಬ್ಬಿಗೆ ಹಾಕು. ಮತ್ತೆ ಉಬ್ಬೋಕೆ ಇಲ್ಲಿ ಒಂದು ತಾಸು, ನಿನ್ನಲ್ಲಿ ಎರಡು ಹಿಡಿದೀತು. ಗಡಿಯಾರ ನಂಬಬೇಡ, ಬೆರಳು ಒತ್ತಿ ನೋಡು. ಗುಳಿ ನಿಧಾನ ಮೇಲೆ ಬಂದರೆ ಓವನ್‌ಗೆ. 180 ಡಿಗ್ರಿ, 35 ನಿಮಿಷ. ಆರುವ ತನಕ ಕೊಯ್ಯಬೇಡ. (ನಾನು ಒಮ್ಮೆ ಕೊಯ್ದೆ, ಒಳಗೆಲ್ಲಾ ಮುದ್ದೆ.) ಮಾಡಿದ ಬ್ರೆಡ್ಡನ್ನು ಮಾತ್ರ ಫ್ರಿಜ್‌ನಲ್ಲಿ ಇಡಬೇಡ, ಬೇಗ ಬಿರುಸಾಗುತ್ತೆ.

ಅವ್ವ ಮೊದಲ ತುಂಡಿಗೆ ಶೇಂಗಾ ಹಿಂಡಿ, ಮೊಸರು ಹಚ್ಚಿಕೊಂಡು ತಿಂದಳು. “ಚಲೋ ಆಗೇದ, ಆದ್ರ ಹೊಟ್ಟಿ ತುಂಬಂಗಿಲ್ಲ” ಅಂದಳು.

ಈಗ ರಾತ್ರಿ 10. ನಾಳೆಯ ಹಿಟ್ಟು ಫ್ರಿಜ್‌ನಲ್ಲಿದೆ. ಕರೆಂಟ್ ಹೋಗಿ ಅರ್ಧ ತಾಸಾಯ್ತು. ಬಾಗಿಲು ಯಾರೂ ತೆಗೀಬೇಡಿ ಅಂತ ಎಲ್ಲರಿಗೂ ಹೇಳಿ ಮಾಳಿಗೆ ಮೇಲೆ ಕೂತು ಬರೀತಿದ್ದೀನಿ. ಕೆಳಗಿನಿಂದ ಅವ್ವ ಮಜ್ಜಿಗೆ ಬೇಕು ಅಂತಿದ್ದಾಳೆ. ಮಜ್ಜಿಗೆ ಇರೋದೂ ಅದರಲ್ಲೇ.

ನಿನ್ನ ದೋಸ್ತ