ಲಟ್ಟಣಿಗೆ ಮೊದಲೋ, ಬಳೆ ಮೊದಲೋ?

ಸಂಪಾದಕರಿಗೆ ನಮಸ್ಕಾರ.

1974ರಲ್ಲಿ ಕುಂದಾಪುರ ಕಡೆಯಿಂದ ಬಂದು ಮಾಟುಂಗದ ಹೋಟೆಲೊಂದರಲ್ಲಿ ಟೇಬಲ್ ಒರೆಸಿದವನು ನಾನು. ಕೆಲಸ ಮುಗಿಸಿ ಕನ್ನಡ ರಾತ್ರಿ ಶಾಲೆ, ಆಮೇಲೆ ಐಟಿಐ. ಭಾಂಡುಪದ ವರ್ಕ್‌ಶಾಪಿನಲ್ಲಿ 31 ವರ್ಷ ಟರ್ನರ್ ಆಗಿದ್ದೆ, ಅಂದರೆ ಲೇಥ್ ಯಂತ್ರದಲ್ಲಿ ಲೋಹ ತಿರುಗಿಸಿ ಕಡೆಯುವವನು. ಡಿಗ್ರಿ ಇಲ್ಲ. ಆದರೆ ತಿರುಗುವ ವಸ್ತುವಿನ ಮುಂದೆ ನನ್ನಷ್ಟು ಹೊತ್ತು ನಿಂತವರು ಕಮ್ಮಿ. ಅದೇ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಮೊಮ್ಮಗಳು ಹನ್ನೆರಡನೇ ಸೈನ್ಸ್. ಇಲ್ಲಿನ ಬೋರ್ಡಿನ ಭೌತಶಾಸ್ತ್ರ ಪುಸ್ತಕದ ಮೊದಲ ಪಾಠವೇ ತಿರುಗುವ ಚಲನೆ. ಅವಳ ಕೋಚಿಂಗ್ ಕ್ಲಾಸಿನವರು ಒಂದು ಹಾಳೆ ಕೊಟ್ಟಿದ್ದಾರೆ. ಎರಡೂ ಬದಿ ಬರೀ ಸೂತ್ರ, ನಂಬರ್ ಹಾಕಿ. ಪ್ರಶ್ನೆಯಲ್ಲಿ ‘ಉರುಳುತ್ತದೆ’ ಅಂತ ಕಂಡರೆ ಏಳನೇ ಸೂತ್ರ. ‘ನಿಲ್ಲುತ್ತದೆ’ ಅಂತ ಕಂಡರೆ ಮೂರನೆಯದು. ಯಾಕೆ ಅಂತ ಕೇಳಿದರೆ, ‘ಟೈಮ್ ಇಲ್ಲ, ಮುಂದಿನ ಲೆಕ್ಕ’ ಅನ್ನುತ್ತಾರಂತೆ. ವರ್ಷದ ಫೀಸು ಕೇಳಿದರೆ ನಮಗೇ ತಲೆ ತಿರುಗುತ್ತದೆ.

ಕಳೆದ ತಿಂಗಳು ಒಂದು ಲೆಕ್ಕ ಬಂತು. ಫ್ಯಾನು ನಿಮಿಷಕ್ಕೆ 360 ಸುತ್ತು ತಿರುಗುತ್ತಿದೆ. ಸ್ವಿಚ್ ಆರಿಸಿದ ಮೇಲೆ ಒಂದೇ ಸಮನೆ ನಿಧಾನವಾಗುತ್ತ 40 ಸೆಕೆಂಡಿನಲ್ಲಿ ನಿಂತಿತು. ಅಷ್ಟರಲ್ಲಿ ಎಷ್ಟು ಸುತ್ತು? ಹುಡುಗಿ ಒಂದು ಪುಟ ತುಂಬಾ ಬರೆದು 754 ಅಂತ ಉತ್ತರ ತೆಗೆದಳು. ನಾನು ಮೇಲೆ ತಿರುಗುತ್ತಿದ್ದ ಫ್ಯಾನು ತೋರಿಸಿದೆ. ‘ನಿಮಿಷಕ್ಕೆ 360 ಅಂದರೆ ಸೆಕೆಂಡಿಗೆ 6. ಫುಲ್ ಸ್ಪೀಡಿನಲ್ಲೇ ಓಡಿದರೂ 40 ಸೆಕೆಂಡಿಗೆ 240 ದಾಟುವುದಿಲ್ಲ. ನಿಲ್ಲುತ್ತಿರುವ ಫ್ಯಾನು 754 ಸುತ್ತು ಹೇಗೆ ಹೊಡೆಯಿತು ಮಗಾ?’ ಸ್ಪೀಡು ಒಂದೇ ಸಮನೆ ಇಳಿದರೆ ಸರಾಸರಿ ಅರ್ಧ, ಅಂದರೆ 3. ನಲವತ್ತು ಸೆಕೆಂಡಿಗೆ 120 ಸುತ್ತು, ಅಷ್ಟೇ. ಅವಳ 754 ಪೂರ್ತಿ ತಪ್ಪೂ ಅಲ್ಲ, ಅದು ರೇಡಿಯನ್‌ನಲ್ಲಿ ಬಂದ ಕೋನ. ರೇಡಿಯನ್ ಅಂದರೆ ಡಿಗ್ರಿಯ ಹಾಗೆ ಕೋನದ ಒಂದು ಅಳತೆ, ಒಂದು ಸುತ್ತಿಗೆ ಎರಡು ಪೈ ರೇಡಿಯನ್. ಸುತ್ತು ಬೇಕಾದರೆ ಎರಡು ಪೈಯಿಂದ ಭಾಗಿಸಬೇಕಿತ್ತು. ಹಾಳೆಯಲ್ಲಿ ಅದಕ್ಕೆ ನಂಬರ್ ಇರಲಿಲ್ಲ!

ಮರುದಿನ ಇನ್ನೊಂದು. 2 ಕಿಲೋ ತೂಕ, 5 ಸೆಂಟಿಮೀಟರ್ ತ್ರಿಜ್ಯದ ಗಟ್ಟಿ ಸಿಲಿಂಡರು 30 ಡಿಗ್ರಿ ಇಳಿಜಾರಿನಲ್ಲಿ ಜಾರದೆ ಉರುಳುತ್ತದೆ. ವೇಗೋತ್ಕರ್ಷ, ಅಂದರೆ ಸೆಕೆಂಡಿಗೆ ವೇಗ ಏರುವುದು, ಎಷ್ಟು? ಏಳನೇ ಸೂತ್ರ ಹಾಕಿದಳು, 3.27 ಬಂತು. ಸರಿಯೇ. ಆದರೆ ಮುಖ ಸಪ್ಪೆ. ‘ಅಜ್ಜಾ, ತೂಕ ಎಲ್ಲಿ ಹೋಯ್ತು? ತ್ರಿಜ್ಯ ಎಲ್ಲಿ ಹೋಯ್ತು?’

ಇಂಥ ಪ್ರಶ್ನೆ ಕೇಳಿದ ಮಗುವಿಗೆ ಸೂತ್ರ ಕೊಟ್ಟರೆ ಪಾಪ ಬರುತ್ತದೆ. ಮಂಚದ ಹಲಗೆ ತೆಗೆದೆ, ಆರಡಿ ಉದ್ದದ್ದು. ಒಂದು ತುದಿಗೆ ಕ್ಲಾಸಿನ ಎರಡು ದಪ್ಪ ಪುಸ್ತಕಗಳನ್ನೇ ಇಟ್ಟೆ. ಅಡುಗೆಮನೆಯಿಂದ ಹಿಡಿಯಿಲ್ಲದ ನೇರ ಲಟ್ಟಣಿಗೆ, ಅವಳ ಅಗಲದ ಪ್ಲಾಸ್ಟಿಕ್ ಬಳೆ, ಪಕ್ಕದ ಮನೆಯ ಹುಡುಗನ ಗೋಲಿ. ಮೂರನ್ನೂ ಸ್ಕೇಲಿನಿಂದ ತಡೆದು, ಒಟ್ಟಿಗೆ ಬಿಟ್ಟೆವು. ಎರಡು ಸಲ ಬಳೆ ಅಡ್ಡ ಬಿತ್ತು. ಮೂರನೇ ಸಲ ಸರಿಯಾಯಿತು. ಗೋಲಿ ಮೊದಲು, ಕೂದಲೆಳೆಯಷ್ಟು ಹಿಂದೆ ಲಟ್ಟಣಿಗೆ. ಬಳೆ ಮಾತ್ರ ಮದುವೆಮನೆಗೆ ತಡವಾಗಿ ಬಂದ ನೆಂಟನ ಹಾಗೆ ಕೊನೆಗೆ.

ಇದನ್ನು ಹೋಟೆಲ್ ಪಾಲುದಾರಿಕೆ ಥರ ಹೇಳಿಕೊಟ್ಟೆ. ಇಳಿಯುವಾಗ ಸಿಕ್ಕ ಶಕ್ತಿಯಲ್ಲಿ ಮುಂದೆ ಓಡಲಿಕ್ಕೆ ಒಂದು ಪಾಲು, ಸುತ್ತಲಿಕ್ಕೆ ಒಂದು ಪಾಲು. ಬಳೆಯ ತೂಕವೆಲ್ಲ ಅಂಚಿನಲ್ಲೇ ಇದೆ. ಅದಕ್ಕೆ ಅರ್ಧ ಶಕ್ತಿ ಸುತ್ತಲಿಕ್ಕೇ ಹೋಯಿತು. ಲಟ್ಟಣಿಗೆಗೆ ಮೂರರಲ್ಲಿ ಒಂದು, ಗೋಲಿಗೆ ಏಳರಲ್ಲಿ ಎರಡು. ತೂಕ ಜಾಸ್ತಿಯಾದರೆ ಎಳೆಯುವ ಬಲವೂ ಜಾಸ್ತಿ, ಅಲುಗಿಸುವ ಕಷ್ಟವೂ ಅಷ್ಟೇ ಜಾಸ್ತಿ. ಹಾಗಾಗಿ ತೂಕ ಹೊಡೆದುಹೋಗುತ್ತದೆ, ತ್ರಿಜ್ಯವೂ ಹಾಗೇ. ಉಳಿಯುವುದು ತೂಕ ಎಲ್ಲಿ ಹರಡಿದೆ ಅನ್ನುವುದೊಂದೇ. ಮೊಮೆಂಟ್ ಆಫ್ ಇನರ್ಷಿಯಾ ಅಂತ ಅವರು ಬೆದರಿಸುವುದು ಇದಕ್ಕೇ. ಲೇಥ್ ಮೇಲೆ ದೊಡ್ಡ ವ್ಯಾಸದ ಜಾಬ್, ಅಂದರೆ ಕಡೆಯಬೇಕಾದ ತುಂಡು, ಹಾಕಿದಾಗ ಸ್ಪೀಡ್ ಇಳಿಸಿ ಅಂತ ನಮ್ಮ ಫೋರ್‌ಮನ್ ಬೈಯುತ್ತಿದ್ದರು. ಸುತ್ತು ಅಷ್ಟೇ ಇದ್ದರೂ ಅಂಚು ಜಾಸ್ತಿ ಓಡುತ್ತದೆ, ಟೂಲ್ ಸುಡುತ್ತದೆ. ಅದೂ ಇದೇ ಪಾಠದ್ದು, ಅಲ್ವಾ?

ಮುಂಬಯಿಯ ನಮ್ಮ ಕನ್ನಡ ಸಂಘಗಳು ಪ್ರತಿ ವರ್ಷ ಮಕ್ಕಳಿಗೆ ಶಾಲು ಹೊದಿಸಿ ನೋಟ್‌ಬುಕ್ ಕೊಡುತ್ತವೆ. ಒಳ್ಳೆಯದೇ. ಜೊತೆಗೆ ಭಾನುವಾರ ಬೆಳಿಗ್ಗೆ ಎರಡು ತಾಸು ಹಾಲ್ ಬಿಟ್ಟುಕೊಡಲಿ. ಲೇಥ್, ರೈಲ್ವೆ, ಮಿಲ್ಲು ಅಂತ ದುಡಿದು ರಿಟೈರ್ ಆದ ನಮ್ಮವರು ಬೇಕಾದಷ್ಟು ಜನ ಸುಮ್ನೆ ಮನೆಯಲ್ಲಿ ಕೂತಿದ್ದಾರೆ. ಮಕ್ಕಳು ಲೆಕ್ಕ ತರಲಿ. ಸೂತ್ರಕ್ಕೆ ಕೈ ಹಾಕುವ ಮೊದಲು ಏನು ತಿರುಗುತ್ತಿದೆ, ಯಾವುದರ ಸುತ್ತ ತಿರುಗುತ್ತಿದೆ ಅಂತ ಒಂದು ಚಿತ್ರ ಬರೆಯಲಿ. ನಾವು ಪಕ್ಕದಲ್ಲಿ ಕೂರುತ್ತೇವೆ. ಫೀಸು ಬೇಡ, ಒಂದು ಚಾ ಸಾಕು.

ಹಲಗೆ ನಾನೇ ತರುತ್ತೇನೆ. ಲಟ್ಟಣಿಗೆ ಮಾತ್ರ ಸಂಘದವರೇ ನೋಡಿಕೊಳ್ಳಬೇಕು. ನಮ್ಮನೆಯದನ್ನು ಮುಟ್ಟಲಿಕ್ಕೆ ನನಗೆ ಇನ್ನು ಪರ್ಮಿಷನ್ ಇಲ್ಲ.

– ಒಬ್ಬ ನಿವೃತ್ತ ಟರ್ನರ್, ಡೊಂಬಿವಲಿ ಪೂರ್ವ